ಕಾಫಿ ಎಲೆಯ ಬೆನ್ನಲ್ಲಿ ಜೀವಶಾಸ್ತ್ರ

ಜೀವಶಾಸ್ತ್ರದ ಐದು ಮೂಲ ವಿಚಾರಗಳನ್ನು ಕಲಿಯಲು ಮಲೆನಾಡಿನ ಮಕ್ಕಳು ದೂರ ಹೋಗಬೇಕಿಲ್ಲ. ಅಂಗಳದಾಚೆಯ ತುಕ್ಕು ಹಿಡಿದ ಒಂದು ಕಾಫಿ ಎಲೆ ಸಾಕು.

ಮುಂಗಾರಿನ ಅಬ್ಬರ ತಗ್ಗುವ ಹೊತ್ತಿಗೆ ಮೂಡಿಗೆರೆ, ಕಳಸ, ಬಾಳೆಹೊನ್ನೂರು ಕಡೆಯ ಅರೇಬಿಕಾ ತೋಟಗಳಲ್ಲಿ ಕೆಲವು ಗಿಡಗಳ ಎಲೆಗಳ ಮೇಲೆ ಮಾಸಲು ಹಳದಿ ಮಚ್ಚೆಗಳು ಕಾಣಿಸಿಕೊಳ್ಳುತ್ತವೆ. ಎಲೆಯನ್ನು ಮಗುಚಿ ನೋಡಿದರೆ ಅದೇ ಜಾಗದಲ್ಲಿ ಕಿತ್ತಳೆ ಬಣ್ಣದ ಪುಡಿ. ಬೆರಳಿನಿಂದ ಸವರಿದರೆ ಅಂಟಿಕೊಳ್ಳುತ್ತದೆ. ತೋಟದವರಿಗೆ ಇದು ಹೊಸದೇನಲ್ಲ. ‘ಎಲೆ ತುಕ್ಕು ಬಂದಿದೆ’ ಎಂದು ಹೇಳಿ ಔಷಧಿ ಹೊಡೆಸುವ ಖರ್ಚಿನ ಲೆಕ್ಕ ಹಾಕಲು ತೊಡಗುತ್ತಾರೆ.

ಅದೇ ಮನೆಯೊಳಗೆ ಮಗನೋ ಮಗಳೋ ಜೀವಶಾಸ್ತ್ರದ ಪುಸ್ತಕ ಹಿಡಿದು ಕುಳಿತಿರಬಹುದು. ‘ಪತ್ರರಂಧ್ರ ಎಂದರೇನು?’ ಎಂದು ಕೇಳಿದರೆ ಉತ್ತರ ಬಾಯಿಪಾಠವಾಗಿದೆ. ಆದರೆ ‘ಬೋರ್ಡೋ ದ್ರಾವಣವನ್ನು ಎಲೆಯ ಅಡಿಭಾಗಕ್ಕೆ ತಾಗುವಂತೆಯೇ ಏಕೆ ಹೊಡೆಯಬೇಕು?’ ಎಂದು ಕೇಳಿದರೆ ತಡವರಿಸುತ್ತಾರೆ. ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಇದೆ. ಅದು ಮಕ್ಕಳಿಗೆ ಹೊಳೆಯದಿರುವುದೇ ಇಂದಿನ ಜೀವಶಾಸ್ತ್ರ ಕಲಿಕೆಯ ದೊಡ್ಡ ಕೊರತೆ.

ಎಸ್.ಎಸ್.ಎಲ್.ಸಿ. ದಾಟಿ ಪಿ.ಯು.ಸಿ.ಗೆ ಬರುವ ವಿದ್ಯಾರ್ಥಿಯನ್ನು ಮೊದಲು ಹೆದರಿಸುವುದು ಹೆಸರುಗಳ ರಾಶಿ. ಜೀವಕೋಶದ ಭಾಗಗಳ ಹೆಸರು, ಅಂಗಾಂಶಗಳ ಹೆಸರು, ಸಸ್ಯ ಮತ್ತು ಪ್ರಾಣಿ ವರ್ಗಗಳ ಹೆಸರು. ನೀಟ್ ಪರೀಕ್ಷೆಯ ಭಯವೂ ಸೇರಿಕೊಂಡರೆ ಇಡೀ ವಿಷಯವೇ ಕಂಠಪಾಠದ ಸ್ಪರ್ಧೆಯಾಗಿಬಿಡುತ್ತದೆ. ಈ ತೊಂದರೆ ಇಲ್ಲಿಯದು ಮಾತ್ರವಲ್ಲ. ಅಮೆರಿಕದ ವಿಜ್ಞಾನಿಗಳೂ ಅಧ್ಯಾಪಕರೂ ಇದನ್ನೇ ಕುರಿತು ಚರ್ಚಿಸಿ 2011ರಲ್ಲಿ ಒಂದು ವರದಿ ಹೊರತಂದರು. ಪದವಿ ತರಗತಿಯ ವಿದ್ಯಾರ್ಥಿ ಏನನ್ನು ಮರೆತರೂ ಈ ಐದನ್ನು ಮರೆಯಬಾರದು ಎಂದು ಅದರಲ್ಲಿ ಐದು ಮೂಲ ವಿಚಾರಗಳನ್ನು ಗುರುತಿಸಿದರು. ರಚನೆ ಮತ್ತು ಕಾರ್ಯದ ನಂಟು, ಶಕ್ತಿ ಮತ್ತು ದ್ರವ್ಯಗಳ ಹರಿವು, ಮಾಹಿತಿಯ ಹರಿವು, ಜೀವವಿಕಾಸ, ವ್ಯವಸ್ಥೆ ಇವೇ ಆ ಐದು. ಹೆಸರುಗಳು ಸಾವಿರವಿದ್ದರೂ ಅವೆಲ್ಲ ಈ ಐದು ಗೂಟಗಳಿಗೆ ಕಟ್ಟಿಕೊಳ್ಳುತ್ತವೆ.

ತುಕ್ಕು ಹಿಡಿದ ಕಾಫಿ ಎಲೆಯಲ್ಲಿ ಈ ಐದೂ ಇವೆ.

ಬಾಗಿಲು ಇರುವ ಕಡೆ ಕಳ್ಳ

ಮೊದಲನೆಯದು ರಚನೆ ಮತ್ತು ಕಾರ್ಯ. ಕಾಫಿ ಎಲೆಯ ಮೇಲ್ಭಾಗ ಮೇಣ ಬಳಿದಂತೆ ಹೊಳೆಯುತ್ತದೆ. ಅಲ್ಲಿ ರಂಧ್ರಗಳಿಲ್ಲ. ಉಸಿರಾಟಕ್ಕೂ ನೀರಾವಿ ಹೊರಬಿಡುವುದಕ್ಕೂ ಬೇಕಾದ ಪತ್ರರಂಧ್ರಗಳೆಲ್ಲ ಇರುವುದು ಎಲೆಯ ಕೆಳಮೈಯಲ್ಲಿ. ಬಿಸಿಲು ನೇರವಾಗಿ ಬೀಳದ ಕಡೆ ರಂಧ್ರಗಳಿದ್ದರೆ ನೀರಿನ ನಷ್ಟ ಕಡಿಮೆ. ಗಿಡಕ್ಕೆ ಇದು ಅನುಕೂಲವೇ. ಆದರೆ ಗಾಳಿ ಹೋಗಿಬರಲು ಇರುವ ಬಾಗಿಲು ಕಳ್ಳನಿಗೂ ಬಾಗಿಲೇ.

ತುಕ್ಕು ರೋಗಕ್ಕೆ ಕಾರಣವಾದ ಶಿಲೀಂಧ್ರದ ಹೆಸರು ಹೆಮಿಲಿಯಾ ವಾಸ್ಟಾಟ್ರಿಕ್ಸ್. ಬೆರಳಿಗೆ ಅಂಟುವ ಕಿತ್ತಳೆ ಪುಡಿ ಅದರ ಬೀಜಕಣಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪ್ರತಿ ಕಣವೂ ಕಿತ್ತಳೆ ಹಣ್ಣಿನ ತೊಳೆಯ ಆಕಾರದಲ್ಲಿರುತ್ತದೆ. ಉಬ್ಬಿದ ಬೆನ್ನಿನ ಮೇಲೆ ಮುಳ್ಳುಗಳು, ಒಳಮೈ ನುಣುಪು. ‘ಹೆಮಿಲಿಯಾ’ ಎಂದರೆ ಅರ್ಧ ನುಣುಪು ಎಂದೇ ಅರ್ಥ. ‘ವಾಸ್ಟಾಟ್ರಿಕ್ಸ್’ ಎಂದರೆ ಹಾಳುಗೆಡವುವವಳು. ಗಾಳಿಯಲ್ಲಿ ತೇಲಿಯೋ ಮಳೆಹನಿ ಸಿಡಿದೋ ಎಲೆಯ ಅಡಿಭಾಗಕ್ಕೆ ಬಂದು ಕೂತ ಕಣ, ಅಲ್ಲಿ ನೀರಿನ ತೆಳುಪದರ ಇದ್ದರೆ ಮಾತ್ರ ಮೊಳೆಯುತ್ತದೆ. ಮೊಳೆತ ಎಳೆ ಹರಿದಾಡಿ ಪತ್ರರಂಧ್ರವನ್ನು ಹುಡುಕಿ ಒಳನುಗ್ಗುತ್ತದೆ.

ಮಳೆಗಾಲಕ್ಕೆ ಮುನ್ನ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣವನ್ನು ಎಲೆಯ ಅಡಿಗೆ ಹೊಡೆಯುವುದು ಈ ಕಾರಣಕ್ಕೆ. ದ್ರಾವಣದಲ್ಲಿರುವ ತಾಮ್ರ ಬೀಜಕಣ ಮೊಳೆಯದಂತೆ ತಡೆಯುತ್ತದೆ. ಒಮ್ಮೆ ಒಳಹೊಕ್ಕ ಶಿಲೀಂಧ್ರವನ್ನು ಅದು ಮುಟ್ಟಲಾರದು. ಎಲೆಯ ಮೇಲ್ಭಾಗ ಮಾತ್ರ ನೀಲಿಯಾಗಿ, ಅಡಿಭಾಗ ಒಣಗಿದ್ದರೆ ಹೊಡೆಸಿದ ಖರ್ಚು ನೀರುಪಾಲಾದಂತೆ. ಪತ್ರರಂಧ್ರದ ವ್ಯಾಖ್ಯೆಯನ್ನು ಬರೆಯಬಲ್ಲ ವಿದ್ಯಾರ್ಥಿ ಇಷ್ಟನ್ನು ಮನೆಯವರಿಗೆ ವಿವರಿಸಬಲ್ಲವನಾದರೆ ಪಾಠ ತಲೆಗೆ ಹತ್ತಿದೆ ಎಂದು ತಿಳಿಯಬಹುದು.

ಸಕ್ಕರೆಯ ಜಮಾಖರ್ಚು

ಎರಡನೆಯ ವಿಚಾರ ಶಕ್ತಿ ಮತ್ತು ದ್ರವ್ಯಗಳದು. ಹಸಿರೆಲೆಯಲ್ಲಿರುವ ಪತ್ರಹರಿತ್ತು ಬಿಸಿಲನ್ನು ಹೀರಿ, ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಬೇರು ತಂದ ನೀರಿನಿಂದ ಸಕ್ಕರೆ ತಯಾರಿಸುತ್ತದೆ. ಇದೇ ದ್ಯುತಿಸಂಶ್ಲೇಷಣೆ. ಹೀಗೆ ತಯಾರಾದ ಸಕ್ಕರೆ ಬೇರಿಗೂ ಚಿಗುರಿಗೂ ಕಾಯಿಗೂ ಹಂಚಿಕೆಯಾಗುತ್ತದೆ. ಗಿಡದ ಎಲ್ಲ ಜೀವಕೋಶಗಳೂ ಅದನ್ನು ಉಸಿರಾಟದಲ್ಲಿ ಒಡೆದು ಶಕ್ತಿ ಪಡೆಯುತ್ತವೆ.

ಶಿಲೀಂಧ್ರಕ್ಕೆ ಪತ್ರಹರಿತ್ತು ಇಲ್ಲ. ತುಕ್ಕಿನ ಶಿಲೀಂಧ್ರವಂತೂ ಜೀವಂತ ಕಾಫಿ ಎಲೆಯ ಹೊರತು ಬೇರೆಲ್ಲಿಯೂ ಬೆಳೆಯಲಾರದು. ಅದು ಎಲೆಯೊಳಗೆ ಎಳೆಗಳನ್ನು ಹರಡಿ, ಜೀವಕೋಶಗಳೊಳಕ್ಕೆ ಪುಟ್ಟ ಕವಲುಗಳನ್ನು ಚಾಚಿ ತಯಾರಾದ ಸಕ್ಕರೆಯನ್ನೇ ಹೀರುತ್ತದೆ. ಕೆಲವು ವಾರಗಳಲ್ಲಿ ಹೊಸ ಕಿತ್ತಳೆ ಪುಡಿ ಹೊರಬರುತ್ತದೆ. ಮಚ್ಚೆ ಹೆಚ್ಚಿದ ಎಲೆಯನ್ನು ಗಿಡ ಉದುರಿಸಿಬಿಡುತ್ತದೆ.

ಎಲೆ ಉದುರಿದರೂ ರೆಂಬೆಯಲ್ಲಿ ಕಾಯಿ ಉಳಿದಿರುತ್ತದೆ. ಕಾಯಿ ಬಲಿಯಲು ಸಕ್ಕರೆ ಬೇಕು, ತಯಾರಿಸಲು ಎಲೆ ಇಲ್ಲ. ಆಗ ರೆಂಬೆಯೂ ಬೇರೂ ಕೂಡಿಟ್ಟ ಪಿಷ್ಟ ಖಾಲಿಯಾಗುತ್ತದೆ, ರೆಂಬೆ ತುದಿಯಿಂದ ಒಣಗುತ್ತಾ ಬರುತ್ತದೆ. ಅರೇಬಿಕಾ ಗಿಡ ಈ ವರ್ಷ ಬೆಳೆದ ರೆಂಬೆಯಲ್ಲಿ ಮುಂದಿನ ವರ್ಷ ಹೂ ಬಿಡುತ್ತದೆ. ಆದ್ದರಿಂದ ತುಕ್ಕಿನ ನಷ್ಟ ಕಾಣಿಸುವುದು ಈ ವರ್ಷದ ಕುಯ್ಲಿನಲ್ಲಿ ಅಲ್ಲ, ಮುಂದಿನ ವರ್ಷದ ಕುಯ್ಲಿನಲ್ಲಿ. ಫೆಬ್ರುವರಿ, ಮಾರ್ಚ್ ತಿಂಗಳ ಹೂಮಳೆ ಎಷ್ಟೇ ಚೆನ್ನಾಗಿ ಬಿದ್ದರೂ ಒಣಗಿದ ರೆಂಬೆಯಲ್ಲಿ ಮಲ್ಲಿಗೆಯಂಥ ಆ ಹೂ ಅರಳುವುದಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಶಕ್ತಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ. ಸೂರ್ಯನಿಂದ ಬಂದದ್ದು ಕೊನೆಗೆ ಶಾಖವಾಗಿ ಹೊರಟುಹೋಗುತ್ತದೆ, ಮರಳುವುದಿಲ್ಲ. ದ್ರವ್ಯ ಹಾಗಲ್ಲ, ಅದು ಸುತ್ತುತ್ತಿರುತ್ತದೆ. ಉದುರಿದ ಎಲೆ ಕೊಳೆತು ಗೊಬ್ಬರವಾಗುತ್ತದೆ. ಹಾಲುವಾಣದ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಸೇರಿಸುತ್ತವೆ. ಆದರೆ ಒಂದು ಲಾರಿ ಕಾಫಿ ತೋಟದ ಗೇಟು ದಾಟಿತೆಂದರೆ ಅದರೊಂದಿಗೆ ಅಷ್ಟು ಸಾರಜನಕ, ಅಷ್ಟು ಪೊಟ್ಯಾಷ್ ಹೊರಟುಹೋದಂತೆ. ವರ್ಷವರ್ಷವೂ ಗೊಬ್ಬರ ಏಕೆ ಹಾಕಬೇಕು ಎಂಬ ಪ್ರಶ್ನೆಗೆ ಉತ್ತರ ಇದು.

ನಲವತ್ತನಾಲ್ಕು ವರ್ಣತಂತುಗಳು

ಮೂರನೆಯದು ಮಾಹಿತಿ. ಒಂದೇ ತೋಟದಲ್ಲಿ ಒಂದು ತಳಿಗೆ ತುಕ್ಕು ಹತ್ತುತ್ತದೆ, ಪಕ್ಕದ ತಳಿಗೆ ಹತ್ತುವುದಿಲ್ಲ. ಮಣ್ಣು ಅದೇ, ಮಳೆ ಅದೇ. ವ್ಯತ್ಯಾಸ ಇರುವುದು ಜೀವಕೋಶದ ನ್ಯೂಕ್ಲಿಯಸ್ಸಿನೊಳಗೆ, ಡಿ.ಎನ್.ಎ. ಎಂಬ ಬರವಣಿಗೆಯಲ್ಲಿ. ಗಿಡ ಯಾವ ಪ್ರೋಟೀನು ತಯಾರಿಸಬೇಕೆಂಬ ಸೂಚನೆ ವಂಶವಾಹಿಗಳಲ್ಲಿದೆ. ಅವು ತಾಯಿಗಿಡದಿಂದ ಬೀಜದ ಮೂಲಕ ಸಸಿಗೆ ಬರುತ್ತವೆ.

ತುಕ್ಕನ್ನು ತಡೆಯುವ ವಂಶವಾಹಿಗಳು ಊರ ಕಾವಲುಗಾರನಿದ್ದಂತೆ. ಅವುಗಳ ಸಹಾಯದಿಂದ ಗಿಡ ಶಿಲೀಂಧ್ರದ ಗುರುತು ಹಿಡಿಯುತ್ತದೆ. ಗುರುತು ಸಿಕ್ಕಿದ ಕೂಡಲೆ ಆ ಜಾಗದ ಜೀವಕೋಶಗಳು ತಾವಾಗಿಯೇ ಸಾಯುತ್ತವೆ. ಜೀವಂತ ಕೋಶ ಸಿಗದೆ ಶಿಲೀಂಧ್ರ ಹಸಿದು ಸಾಯುತ್ತದೆ. ಕೆಲವು ಕೋಶಗಳನ್ನು ಬಲಿಕೊಟ್ಟು ಎಲೆಯನ್ನು ಉಳಿಸಿಕೊಳ್ಳುವ ಉಪಾಯವಿದು. ಆದರೆ ಈ ಕಾವಲುಗಾರನಿಗೆ ಕೆಲವು ಮುಖಗಳ ಪರಿಚಯ ಮಾತ್ರ ಇರುತ್ತದೆ. ಹೊಸ ಮುಖ ಬಂದರೆ ಸುಮ್ಮನೆ ಬಿಟ್ಟುಬಿಡುತ್ತಾನೆ.

ರೊಬಸ್ಟಾ ಮತ್ತು ಲೈಬೀರಿಕಾ ಕಾಫಿಗಳ ಜೀವಕೋಶದಲ್ಲಿ 22 ವರ್ಣತಂತುಗಳಿವೆ, ಅರೇಬಿಕಾದಲ್ಲಿ 44. ಲಕ್ಷಾಂತರ ವರ್ಷಗಳ ಹಿಂದೆ ಆಫ್ರಿಕದ ಕಾಡಿನಲ್ಲಿ ರೊಬಸ್ಟಾ ಜಾತಿಯೂ ಯೂಜೀನಿಯಾಯ್ಡಿಸ್ ಎಂಬ ಇನ್ನೊಂದು ಕಾಫಿ ಜಾತಿಯೂ ಕೂಡಿ ಹುಟ್ಟಿದ ಮಿಶ್ರಜಾತಿಯೇ ಅರೇಬಿಕಾ. ಎರಡೂ ಕಡೆಯ ವರ್ಣತಂತುಗಳು ಪೂರ್ತಿಯಾಗಿ ಉಳಿದುಕೊಂಡಿದ್ದರಿಂದ ಸಂಖ್ಯೆ ಇಮ್ಮಡಿಯಾಯಿತು. ಸಾಮಾನ್ಯ ಅರೇಬಿಕಾಕ್ಕೂ ರೊಬಸ್ಟಾಕ್ಕೂ ಮಾಡಿದ ಮಿಶ್ರಣದಲ್ಲಿ 33 ವರ್ಣತಂತುಗಳು ಬರುತ್ತವೆ. ಬೆಸಸಂಖ್ಯೆಯ ವರ್ಣತಂತುಗಳು ಸರಿಯಾಗಿ ಜೋಡಿಯಾಗದ ಕಾರಣ ಅಂಥ ಗಿಡ ಹೆಚ್ಚಾಗಿ ಬಂಜೆ. ಪಠ್ಯಪುಸ್ತಕದಲ್ಲಿ ಒಣ ಅಂಕಿಯಂತೆ ತೋರುವ ವರ್ಣತಂತುಗಳ ಸಂಖ್ಯೆ ಹೊಸ ತಳಿ ಬೆಳೆಸುವವರಿಗೆ ಮೊದಲ ಅಡ್ಡಿ.

ತಳಿ ಸೋತಿತೆ, ಶಿಲೀಂಧ್ರ ಗೆದ್ದಿತೆ?

ನಾಲ್ಕನೆಯದಾದ ಜೀವವಿಕಾಸವನ್ನು ಅರಿಯಲು ಡೈನೋಸಾರುಗಳ ಕಾಲಕ್ಕೆ ಹೋಗಬೇಕಿಲ್ಲ. ಚಿಕ್ಕಮಗಳೂರು ಜಿಲ್ಲೆಯ ನೂರೈವತ್ತು ವರ್ಷಗಳ ಚರಿತ್ರೆ ಸಾಕು.

ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮೆನ್ ದೇಶದಿಂದ ಏಳು ಕಾಫಿ ಬೀಜ ತಂದು ಗಿರಿಯ ಮೇಲೆ ಬೆಳೆಸಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಈ ಕಥೆಯಲ್ಲಿ ಜೀವಶಾಸ್ತ್ರಕ್ಕೆ ಬೇಕಾದ ಒಂದು ಮಾತಿದೆ. ಏಳೇ ಬೀಜದಿಂದ ಹುಟ್ಟಿದ ಸಂತತಿಯಲ್ಲಿ ವೈವಿಧ್ಯ ಎಷ್ಟಿದ್ದೀತು? ಅದೂ ಅಲ್ಲದೆ ಅರೇಬಿಕಾ ಸ್ವಕೀಯ ಪರಾಗಸ್ಪರ್ಶದಿಂದಲೇ ಕಾಯಿ ಕಟ್ಟಬಲ್ಲ ಗಿಡ. ಅಂದರೆ ಮಕ್ಕಳು ತಾಯಿಯ ಪಡಿಯಚ್ಚು. ಒಂದು ಗಿಡಕ್ಕೆ ಬಂದ ರೋಗ ಎಲ್ಲ ಗಿಡಕ್ಕೂ ಬರಬಲ್ಲದು.

1869ರಲ್ಲಿ ಸಿಂಹಳದ, ಅಂದರೆ ಇಂದಿನ ಶ್ರೀಲಂಕಾದ, ಕಾಫಿ ತೋಟಗಳಲ್ಲಿ ತುಕ್ಕು ಕಾಣಿಸಿಕೊಂಡಿತು. ಬೆಟ್ಟದಿಂದ ಬೆಟ್ಟಕ್ಕೆ ಒಂದೇ ಬೆಳೆ, ಒಂದೇ ಬಗೆಯ ಗಿಡ. ಮಾರ್ಷಲ್ ವಾರ್ಡ್ ಎಂಬ ಇಂಗ್ಲಿಷ್ ವಿಜ್ಞಾನಿ 1880ರಿಂದ 1882ರವರೆಗೆ ಅಲ್ಲಿದ್ದು, ರೋಗ ಹರಡುವುದು ಗಾಳಿಯಲ್ಲಿ ತೇಲುವ ಬೀಜಕಣಗಳಿಂದ ಎಂದು ತೋರಿಸಿದ. ಅಷ್ಟರಲ್ಲಿ ಹೊತ್ತು ಮೀರಿತ್ತು. ಸಿಂಹಳದ ಕಾಫಿ ನೆಲಕಚ್ಚಿ ಅದರ ಜಾಗಕ್ಕೆ ಚಹಾ ಬಂತು. ಅದೇ ಕಾಲಕ್ಕೆ ತುಕ್ಕು ದಕ್ಷಿಣ ಭಾರತಕ್ಕೂ ಕಾಲಿಟ್ಟಿತು. ಚಿಕ್ಕಮಗಳೂರಿನ ಹೆಸರನ್ನೇ ಹೊತ್ತ ‘ಚಿಕ್’ ಎಂಬ ಹಳೆಯ ಕಾಫಿ ಕಾಂಡಕೊರಕ ಮತ್ತು ತುಕ್ಕಿನ ಹಾವಳಿಗೆ ಸಿಕ್ಕಿ ಮರೆಯಾಯಿತು.

1911ರಲ್ಲಿ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ ಎಲ್.ಪಿ. ಕೆಂಟ್ ಎಂಬ ಬ್ರಿಟಿಷ್ ತೋಟಗಾರ ತುಕ್ಕು ಹತ್ತದ ಗಿಡವನ್ನು ಗುರುತಿಸಿ ಅದರ ಬೀಜದಿಂದ ಸಸಿ ಬೆಳೆಸಿದ. ‘ಕೆಂಟ್ಸ್’ ತಳಿ ಎಲ್ಲೆಡೆ ಹಬ್ಬಿತು. ಕೆಲವೇ ವರ್ಷ. ಕೆಂಟ್ಸ್ ಗಿಡಗಳಿಗೂ ತುಕ್ಕು ಬರತೊಡಗಿತು. ಇದರ ಗುಟ್ಟು ರಟ್ಟಾದದ್ದು ಬಾಳೆಹೊನ್ನೂರಿನ ಬಳಿ. 1925ರಲ್ಲಿ ಮೈಸೂರು ಸರ್ಕಾರ ಅಲ್ಲಿ ಸ್ಥಾಪಿಸಿದ ಕಾಫಿ ಪ್ರಯೋಗ ಕೇಂದ್ರವೇ ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ. 1930ರ ದಶಕದಲ್ಲಿ ಅಲ್ಲಿ ಕೆಲಸ ಮಾಡಿದ ಡಬ್ಲ್ಯು.ಡಬ್ಲ್ಯು. ಮೇನ್ ಎಂಬ ವಿಜ್ಞಾನಿ, ತುಕ್ಕಿನ ಶಿಲೀಂಧ್ರ ನೋಡಲು ಒಂದೇ ಆದರೂ ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ ಎಂದು ತೋರಿಸಿದ. ಒಂದು ಪಂಗಡ ಕೆಂಟ್ಸ್ ಗಿಡದ ಮುಂದೆ ಸೋಲುತ್ತದೆ, ಇನ್ನೊಂದು ಅದನ್ನೇ ಆಕ್ರಮಿಸುತ್ತದೆ. ಈಗ ಜಗತ್ತಿನಲ್ಲಿ ಇಂಥ 50ಕ್ಕೂ ಹೆಚ್ಚು ಪಂಗಡಗಳು ತಿಳಿದಿವೆ.

ಇಲ್ಲಿ ವಿದ್ಯಾರ್ಥಿಗಳು ಮಾತ್ರವಲ್ಲ, ದೊಡ್ಡವರೂ ಒಂದು ತಪ್ಪು ಮಾಡುತ್ತಾರೆ. ‘ತಳಿ ಹಳತಾಯಿತು, ಶಕ್ತಿ ಕಳೆದುಕೊಂಡಿತು’ ಎನ್ನುತ್ತಾರೆ. ಕೆಂಟ್ಸ್ ಗಿಡದ ರೋಗನಿರೋಧಕ ವಂಶವಾಹಿಗಳು ಮೊದಲಿದ್ದ ಹಾಗೆಯೇ ಇದ್ದವು. ಇನ್ನು ಕೆಲವರು ‘ಶಿಲೀಂಧ್ರ ಉಪಾಯ ಕಲಿಯಿತು’ ಎನ್ನುತ್ತಾರೆ. ಶಿಲೀಂಧ್ರಕ್ಕೆ ಕಲಿಯುವ ಬುದ್ಧಿಯಿಲ್ಲ. ಕೋಟ್ಯಂತರ ಬೀಜಕಣಗಳಲ್ಲಿ ಎಲ್ಲೋ ಕೆಲವು ಆಕಸ್ಮಿಕ ಬದಲಾವಣೆಯಿಂದ ಬೇರೆ ‘ಮುಖ’ ಹೊತ್ತಿರುತ್ತವೆ. ಬಗೆಬಗೆಯ ಗಿಡಗಳ ನಡುವೆ ಅವುಗಳಿಗೆ ವಿಶೇಷ ಲಾಭವಿರುವುದಿಲ್ಲ. ಆದರೆ ಬೆಟ್ಟವಿಡೀ ಕೆಂಟ್ಸ್ ನೆಟ್ಟಾಗ ಉಳಿದ ಪಂಗಡಗಳೆಲ್ಲ ಹಸಿದು ಅಳಿಯುತ್ತವೆ, ಆ ಕೆಲವಕ್ಕೆ ಮಾತ್ರ ಹಬ್ಬದೂಟ. ಅವುಗಳ ಸಂತತಿಯೇ ತೋಟ ತುಂಬುತ್ತದೆ. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ವೈದ್ಯರನ್ನು ಕೇಳದೆ ನೆಗಡಿಗೂ ಆ್ಯಂಟಿಬಯಾಟಿಕ್ ನುಂಗುವ ಮನೆಗಳಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಗೆ ದಾರಿಯಾಗುವುದೂ ಹೀಗೆಯೇ.

ಬಾಳೆಹೊನ್ನೂರಿನ ವಿಜ್ಞಾನಿಗಳು ಅರೇಬಿಕಾ ಮತ್ತು ಲೈಬೀರಿಕಾಗಳ ಸಹಜ ಮಿಶ್ರಣದಿಂದ ಬಂದ ಸಾಲಿನ ಗಿಡವನ್ನು ಕೆಂಟ್ಸ್‌ನೊಂದಿಗೆ ಕೂಡಿಸಿ ಎಸ್. 795 ತಳಿಯನ್ನು ರೂಪಿಸಿದರು. 1940ರ ದಶಕದ ಮಧ್ಯಭಾಗದಲ್ಲಿ ಬಿಡುಗಡೆಯಾದ ಈ ತಳಿ ದಶಕಗಳ ಕಾಲ ಭಾರತದ ಅರೇಬಿಕಾ ತೋಟಗಳನ್ನು ಆಳಿತು. ಕಾಲಕ್ರಮದಲ್ಲಿ ಅದಕ್ಕೂ ತುಕ್ಕು ತಗಲಿತು. ಟಿಮೋರ್ ದ್ವೀಪದಲ್ಲಿ ಅರೇಬಿಕಾ, ರೊಬಸ್ಟಾ ತಾವಾಗಿ ಕೂಡಿ ಹುಟ್ಟಿದ, 44 ವರ್ಣತಂತುಗಳುಳ್ಳ ಅಪರೂಪದ ಗಿಡವೊಂದು ಸಿಕ್ಕಿತ್ತು. ಅದರ ಸಂಬಂಧದಿಂದ ಕಾವೇರಿ ತಳಿ, 2007ರಲ್ಲಿ ಚಂದ್ರಗಿರಿ ತಳಿ ಬಂದವು. ಕಾವೇರಿಯ ತಡೆಯನ್ನೂ ತುಕ್ಕು ಮುರಿದಿದೆ. ಯಾವ ತಳಿಯೂ ಶಾಶ್ವತ ಕವಚವಲ್ಲ. ಇಡೀ ತೋಟವನ್ನು ಕಿತ್ತು ಒಂದೇ ಹೊಸ ತಳಿ ನೆಡಲು ಹೊರಟಿರುವ ಕುಟುಂಬಕ್ಕೆ ಈ ಪಾಠದ ಬೆಲೆ ಲಕ್ಷಗಟ್ಟಲೆ ರೂಪಾಯಿ.

ಒಂದು ಕೊಂಬೆ ಕಡಿದರೆ

ಐದನೆಯದು ವ್ಯವಸ್ಥೆ. ಕಾಫಿ ತೋಟದಲ್ಲಿ ಯಾವುದೂ ಒಂಟಿಯಲ್ಲ. ಮಳೆಗೆ ಮುನ್ನ ನೆರಳಿನ ಮರಗಳ ಕೊಂಬೆ ಕಡಿಯುವ ‘ಮರಗಸಿ’ಯನ್ನೇ ನೋಡಬಹುದು. ನೆರಳು ವಿಪರೀತ ದಟ್ಟವಾದರೆ ಎಲೆ ಬೇಗ ಆರುವುದಿಲ್ಲ. ನೀರಿನ ಪದರ ಉಳಿದು ತುಕ್ಕಿನ ಕಣ ಮೊಳೆಯಲು ಅನುಕೂಲ. ಹಾಗೆಂದು ಮರಗಳನ್ನೆಲ್ಲ ಬೋಳಿಸಿದರೆ ಬಿಸಿಲು ಕಾಂಡದ ಮೇಲೆ ಬೀಳುತ್ತದೆ. ಬಿಸಿಲು ಬಿದ್ದ ಅರೇಬಿಕಾ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುವುದು ಬಿಳಿ ಕಾಂಡಕೊರಕಕ್ಕೆ ಬಲು ಇಷ್ಟ. ಬಿಸಿಲಿನಲ್ಲಿ ಗಿಡ ಮಿತಿಮೀರಿ ಕಾಯಿ ಕಟ್ಟಿ ಬಳಲುವುದೂ ಉಂಟು. ಒಂದು ಶತ್ರುವನ್ನು ದೂರವಿಡಲು ಹೋಗಿ ಇನ್ನೊಂದನ್ನು ಕರೆದಂತಾಗುತ್ತದೆ.

ಸಂಬಂಧಗಳು ಇನ್ನೂ ಸಿಕ್ಕುಸಿಕ್ಕಾಗಿವೆ. ಜಾನ್ ವ್ಯಾಂಡರ್‌ಮೀರ್ ಮತ್ತು ಐವೆಟ್ ಪರ್ಫೆಕ್ಟೊ ಎಂಬ ವಿಜ್ಞಾನಿಗಳು ಮೆಕ್ಸಿಕೊದ ನೆರಳಿನ ಕಾಫಿ ತೋಟಗಳಲ್ಲಿ ವರ್ಷಗಟ್ಟಲೆ ನೋಡಿದ್ದು ಹೀಗಿದೆ. ಮರದಲ್ಲಿ ಗೂಡು ಕಟ್ಟುವ ಇರುವೆಗಳು ಸಿಹಿರಸದ ಆಸೆಗೆ ಕಾಫಿ ಗಿಡದ ಹಸಿರು ತಿಗಣೆಗಳನ್ನು ಕಾಯುತ್ತವೆ. ತಿಗಣೆ ಹೆಚ್ಚಿದ ಕಡೆ ಅವನ್ನು ಕೊಲ್ಲುವ ಬಿಳಿ ಶಿಲೀಂಧ್ರವೊಂದು ಹಬ್ಬುತ್ತದೆ. ಅದೇ ಬಿಳಿ ಶಿಲೀಂಧ್ರ ತುಕ್ಕಿನ ಶಿಲೀಂಧ್ರವನ್ನೂ ತಿನ್ನುತ್ತದೆ. ಗಿಡಕ್ಕೆ ಹಾನಿ ಮಾಡುವ ತಿಗಣೆಯೇ ಗಿಡದ ಇನ್ನೊಂದು ಶತ್ರುವಿನ ಶತ್ರುವನ್ನು ಸಾಕಿದಂತಾಯಿತು. ಇಂಥ ಕಡೆ ‘ಇದು ಉಪಕಾರಿ, ಅದು ಅಪಕಾರಿ’ ಎಂಬ ಎರಡು ಅಂಕದ ಉತ್ತರ ಸಾಲದು.

ರೊಬಸ್ಟಾಕ್ಕೆ ಪರಕೀಯ ಪರಾಗಸ್ಪರ್ಶ ಅನಿವಾರ್ಯ. ಅದಕ್ಕೆ ಗಾಳಿಯ ಜೊತೆಗೆ ತುಡುವೆ, ಹೆಜ್ಜೇನುಗಳು ಬೇಕು. ಹೆಜ್ಜೇನಿಗೆ ಗೂಡು ಕಟ್ಟಲು ಎತ್ತರದ ಮರ ಬೇಕು. ಪ್ರತಿ ಗಿಡವೂ ಸ್ವಲ್ಪ ಭಿನ್ನವಾಗಿರುವುದರಿಂದ ರೊಬಸ್ಟಾ ತೋಟವನ್ನು ತುಕ್ಕು ಒಟ್ಟಾರೆ ಮಣಿಸುವುದು ಕಷ್ಟ. ಭಾರತದ ಕಾಫಿ ಉತ್ಪಾದನೆಯಲ್ಲಿ ಇಂದು ಸುಮಾರು ಶೇಕಡ 70 ಭಾಗ ರೊಬಸ್ಟಾ. ಹಾಗೆಂದು ಅದಕ್ಕೆ ಶತ್ರುಗಳಿಲ್ಲವೆಂದಲ್ಲ. 1990ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ನೀಲಗಿರಿಯ ಗೂಡಲೂರಿನಲ್ಲಿ ಕಂಡ ಕಾಯಿಕೊರಕ ಎರಡು ಬಗೆಯ ಕಾಫಿಯನ್ನೂ ಬಿಡುವುದಿಲ್ಲ.

ಮನೆಯಲ್ಲೇ ಆಗುವ ಪಾಠ

ಇದನ್ನೆಲ್ಲ ಕಲಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಸೆಪ್ಟೆಂಬರಿನಲ್ಲಿ ದಟ್ಟ ನೆರಳಿನ ಹತ್ತು ಗಿಡ, ತೆಳು ನೆರಳಿನ ಹತ್ತು ಗಿಡ ಆರಿಸಿ ದಾರ ಕಟ್ಟಬೇಕು. ಪ್ರತಿ ಗಿಡದ ಐವತ್ತು ಎಲೆ ಮಗುಚಿ ತುಕ್ಕಿನ ಎಲೆಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯಬೇಕು. ಹದಿನೈದು ದಿನಕ್ಕೊಮ್ಮೆ ಹೀಗೆ ಮಾಡಿ, ಎಷ್ಟೋ ತೋಟದ ಮನೆಗಳಲ್ಲಿ ಇಂಚಿನ ಲೆಕ್ಕದಲ್ಲಿ ಬರೆದಿಡುವ ಮಳೆಯ ದಾಖಲೆಯೊಂದಿಗೆ ಹೋಲಿಸಿದರೆ ಚೊಕ್ಕ ಅಧ್ಯಯನವಾಗುತ್ತದೆ. ತಳಿ ಎರಡು ಕಡೆಯೂ ಒಂದೇ ಇರಬೇಕು, ಇಲ್ಲವಾದರೆ ಹೋಲಿಕೆ ಕೆಡುತ್ತದೆ. ಔಷಧಿ ಹೊಡೆದ ಕೂಡಲೆ ತೋಟಕ್ಕೆ ಇಳಿಯಬಾರದು, ಎಣಿಕೆ ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು.

ತಂದೆತಾಯಿಗಳು ಪದವೀಧರರಲ್ಲದಿದ್ದರೂ ಚಿಂತೆಯಿಲ್ಲ. ತೋಟದ ಮಾಲೀಕರಾಗಿರಲಿ, ಲೈನಿನಲ್ಲಿ ವಾಸಿಸುವ ಕಾರ್ಮಿಕರಾಗಿರಲಿ, ಗಿಡದ ಬಗ್ಗೆ ಅವರಿಗಿರುವ ತಿಳಿವಳಿಕೆ ಪುಸ್ತಕದಲ್ಲಿ ಸಿಗದಂಥದು. ಮಕ್ಕಳನ್ನು ಐದು ಪ್ರಶ್ನೆ ಕೇಳಿದರೆ ಸಾಕು. ಇದರ ಆಕಾರ ಯಾವ ಕೆಲಸಕ್ಕೆ ಒದಗುತ್ತದೆ? ಇದಕ್ಕೆ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ಹೀಗೆ ಬೆಳೆಯಬೇಕೆಂಬ ಸೂಚನೆ ಎಲ್ಲಿದೆ? ತಲೆಮಾರುಗಳು ಕಳೆದಂತೆ ಇದು ಹೇಗೆ ಬದಲಾಯಿತು? ಇದನ್ನು ಮುಟ್ಟಿದರೆ ಇನ್ನೇನೇನು ಅಲುಗುತ್ತದೆ?

ಕಾಫಿ ಎಲೆಯಿಂದ ಶುರುವಾದ ಈ ಪ್ರಶ್ನೆಗಳು ಅಲ್ಲಿಗೇ ನಿಲ್ಲುವುದಿಲ್ಲ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದ ಕನ್ನಡಿಗರಿಗೆಲ್ಲ ಪರಿಚಿತವಾದ ಹಾರುವ ಓತಿಗೂ ಇದೇ ಐದು ಪ್ರಶ್ನೆ ಹಾಕಬಹುದು. ಗದ್ದೆಯ ಕಪ್ಪೆಗೂ ಹಾಕಬಹುದು, ಹೊಟ್ಟೆಯೊಳಗಿನ ಜಂತುಹುಳುವಿಗೂ ಹಾಕಬಹುದು. ಉತ್ತರ ಹುಡುಕುವ ಅಭ್ಯಾಸವಾದ ಮಗುವಿಗೆ ಹೆಸರುಗಳು ತಾವಾಗಿ ನೆನಪಿನಲ್ಲಿ ನಿಲ್ಲುತ್ತವೆ. ಪರೀಕ್ಷೆಯ ಅಂಕ ಬರುವುದರ ಜೊತೆಗೆ, ಮುಂದೊಂದು ದಿನ ಯಾವ ಮರ ಕಡಿಯಬೇಕು, ಯಾವ ತಳಿ ಎಷ್ಟು ನೆಡಬೇಕು ಎಂದು ಮನೆಯಲ್ಲಿ ಮಾತು ಬಂದಾಗ ಆ ಮಗುವಿಗೆ ಹೇಳಲು ನಾಲ್ಕು ಮಾತು ಇರುತ್ತದೆ.